ದೊಡ್ಡವ್ವನ ಜಿಲ್ಚ್

ನಮ್ಮ ದೊಡ್ಡವ್ವನಿಗೆ ಬರುವುದು ಒಂದೇ ಒಂದು ಇಂಗ್ಲಿಷ್ ಪದ. ಅದರ ಅರ್ಥ ಏನೂ ಇಲ್ಲ! ಗಾಬರಿಯಾಗಬೇಡಿ. ಅದಕ್ಕೆ ಅರ್ಥವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರ ಅರ್ಥವೇ ‘ಏನೂ ಇಲ್ಲ’. ಆ ಪದ ಜಿಲ್ಚ್.

ಬಸ್ಸು, ಲೈಟು, ಫೋನು, ಟೆನ್ಷನ್ನು ಇವೆಲ್ಲ ಇಂಗ್ಲಿಷ್ ಅಲ್ಲವೇ ಎಂದು ನೀವು ಕೇಳಬಹುದು. ದೊಡ್ಡವ್ವನ ಮುಂದೆ ಮಾತ್ರ ಕೇಳಬೇಡಿ. ಅವೆಲ್ಲ ಮೊಳಕಾಲ್ಮೂರಿನಲ್ಲೇ ಹುಟ್ಟಿ ಬೆಳೆದ ಪದಗಳೆಂಬುದು ಅವಳ ಗಟ್ಟಿ ನಂಬಿಕೆ.

“ಟೆನ್ಷನ್ನಿಗೆ ಕನ್ನಡದಾಗೆ ಇನ್ನೇನಂತಾರೆ, ಹೇಳು ನೋಡಾನ” ಎಂದು ಒಮ್ಮೆ ನನಗೆ ಸವಾಲು ಹಾಕಿದಳು. ನಾನು ತಲೆ ಕೆರೆದುಕೊಂಡು ಕೂತೆ. “ನೋಡು, ನಿನಗೇ ಟೆನ್ಷನ್ ಆತು. ಅದು ನಮ್ಮದಲ್ದಿದ್ರೆ ನಿನಗೆ ಆಗ್ತಿತ್ತಾ?” ಎಂದಳು. ಇಂಥ ವಾದಕ್ಕೆ ಯಾವ ವಿದ್ವಾಂಸ ಉತ್ತರ ಕೊಟ್ಟಾನು!

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಹುಟ್ಟಿದ್ದು ಚಳ್ಳಕೆರೆಯ ಶೇಂಗಾ ಎಣ್ಣೆ ವ್ಯಾಪಾರದ ಮನೆಯಲ್ಲಿ. ಸೊಸೆಯಾಗಿ ಹೋದದ್ದು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆಗೆ. “ಅದಕ್ಕೇ ನಾನು ಎಣ್ಣೆ ಹಂಗೆ ಜಾರ್ತೀನಿ, ರೇಷ್ಮೆ ಹಂಗೆ ಹರಿಯಲ್ಲ” ಎಂದು ತನ್ನನ್ನು ತಾನೇ ಹೊಗಳಿಕೊಳ್ಳುತ್ತಾಳೆ. ಸೀರೆ ಅಂಗಡಿಗೆ ಯಜಮಾನರು ನಮ್ಮ ದೊಡ್ಡಪ್ಪ. ಹಾಗೆಂದು ಬೋರ್ಡಿನ ಮೇಲೆ ಬರೆದಿದೆ. ಬೋರ್ಡು ಬಿಟ್ಟರೆ ಬೇರೆಲ್ಲೂ ಅದಕ್ಕೆ ಪುರಾವೆ ಸಿಗುವುದಿಲ್ಲ.

ಈ ಜಿಲ್ಚ್ ಅವಳ ಬಾಯಿಗೆ ಬಂದದ್ದು ಆ ಅಂಗಡಿಯಲ್ಲೇ. ಕುದಾಪುರದ ಹುಲ್ಲುಗಾವಲಿನ ಪಕ್ಕದಲ್ಲಿ ದೊಡ್ಡ ದೊಡ್ಡ ಸಂಶೋಧನಾ ಕ್ಯಾಂಪಸ್ಸುಗಳು ಎದ್ದ ಮೇಲೆ, ಅಲ್ಲಿನ ವಿಜ್ಞಾನಿಗಳು ಸೀರೆಗೆಂದು ಆಗಾಗ ಮೊಳಕಾಲ್ಮೂರಿಗೆ ಬರುತ್ತಾರೆ. ಹಾಗೆ ಬಂದವರಲ್ಲಿ ಉತ್ತರದ ಕಡೆಯ ಒಬ್ಬ ಮೇಡಂ ಇದ್ದರು. ಕನ್ನಡವನ್ನು ಆಗಷ್ಟೇ ಕಲಿಯುತ್ತಿದ್ದರು. ದೊಡ್ಡವ್ವ ಅವರ ಮುಂದೆ ಸೀರೆಗಳನ್ನು ಹರವಿ, ಅಂಚು ಸೆರಗುಗಳ ಗುಣಗಾನ ಮಾಡುತ್ತಿದ್ದಾಗ ಮೇಡಂ ಫೋನು ಬಡಿದುಕೊಂಡಿತು. ಆ ಕಡೆಯವರು ಏನೋ ಕೇಳಿದರು. ಮೇಡಂ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರುಬಿಟ್ಟು, “ಜಿಲ್ಚ್!” ಎಂದು ಹೇಳಿ ಫೋನ್ ಇಟ್ಟರು.

ದೊಡ್ಡವ್ವನ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು.

“ಮೇಡಂ, ಈಗ ಏನಂದ್ರಿ?”

“ಏನೂ ಇಲ್ಲ.”

“ಏನೂ ಇಲ್ಲ ಅನ್ಬ್ಯಾಡ್ರಿ. ನಾನು ಕಿವಿಯಾರೆ ಕೇಳೀನಿ. ಏನೋ ಅಂದ್ರಿ.”

“ಅದೇ ಅಮ್ಮ. ಏನೂ ಇಲ್ಲ.”

“ನನ್ನ ತಾವ ಯಾಕ್ರಿ ಮುಚ್ಚಿಡ್ತೀರಿ? ನಾನೇನು ಊರಿಗೆಲ್ಲ ಸಾರಿಕೊಂಡು ಬರ್ತೀನಾ?”

ಮೇಡಂ ಹಣೆಯಲ್ಲಿ ಬೆವರು ಕಾಣಿಸಿತು. ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಆ ದಿನದ ತಮ್ಮ ಮೊದಲ ಮಾತನ್ನಾಡಿದರು: “ಆ ಪದದ ಅರ್ಥಾನೇ ಏನೂ ಇಲ್ಲ ಅಂತ ಕಣೆ. ಅವರು ಮಾಡಿದ ಕೆಲಸ ಕೈಹಿಡೀಲಿಲ್ಲ, ಪಾಪ.”

ದೊಡ್ಡವ್ವನಿಗೆ ಮೇಡಂ ಮೇಲೆ ಕನಿಕರ ಬಂತೋ ಇಲ್ಲವೋ ನಾನರಿಯೆ; ಪದದ ಮೇಲಂತೂ ಮೋಹ ಬಂದುಬಿಟ್ಟಿತು. “ಏನೂ ಸಿಗಲಿಲ್ಲ ಅನ್ನೋದನ್ನ ಇಷ್ಟು ಚೆಂದಾಗಿ ಹೇಳ್ಬೋದಾ!” ಎಂದು ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಆ ಪದವನ್ನು ಆ ಕೆನ್ನೆಗೂ ಈ ಕೆನ್ನೆಗೂ ಹೊರಳಿಸಿದಳು. ಸಂಜೆ ನನಗೆ ಫೋನು ಬಂತು.

“ನೋಡೇ, ನಮ್ಮ ಕಡೆ ಏನೂ ಸಿಗಲಿಲ್ಲ ಅಂದ್ರೆ ಏನಂತೀವಿ? ಚಿಪ್ಪು ಸಿಕ್ತು ಅಂತೀವಿ. ಚೊಂಬು ಸಿಕ್ತು ಅಂತೀವಿ. ಮಣ್ಣು ಸಿಕ್ತು ಅಂತೀವಿ. ಅಂದ್ರೆ ಏನಾದ್ರೂ ಒಂದು ಸಿಕ್ಕೇ ಸಿಗ್ತೈತೆ! ಸೊನ್ನೆ ಅಂದ್ರೂ ಒಂದು ರೌಂಡ್ ಐತೆ. ಅಪ್ಪಟ ಏನೂ ಇಲ್ಲ ಅನ್ನೋದು ನಮ್ಮ ತಾವ ಎಲ್ಲೈತೆ ಹೇಳು?”

ನಾನು ಕನ್ನಡ ಎಂ.ಎ. ಮಾಡಿದವಳು. ಏನೂ ಇಲ್ಲದಿದ್ದಾಗಲೂ ನಮ್ಮವರು ಕೈಗೊಂದು ಪಾತ್ರೆ ಕೊಟ್ಟು ಕಳಿಸುತ್ತಾರೆ ಎಂಬುದು ನನಗೆ ಯಾವತ್ತಾದರೂ ಹೊಳೆದಿತ್ತೇ? ಇಲ್ಲ. ನನ್ನ ಮೆಚ್ಚುಗೆ ಶುರುವಾದದ್ದು ಅಲ್ಲಿಂದ.

ಮೆಚ್ಚುಗೆ ದೂರದಿಂದ ಸುಲಭ. ಒಂದೇ ಮನೆಯಲ್ಲಿದ್ದ ದೊಡ್ಡಪ್ಪನ ಪಾಡು ಬೇರೆ. “ಸಾರು ಏನು?” ಎಂದರೆ “ಜಿಲ್ಚ್.” “ಯಾರಾದ್ರೂ ಬಂದಿದ್ರಾ?” “ಜಿಲ್ಚ್.” “ನನ್ನ ಮೇಲೆ ಕೋಪ ಏನಾದ್ರೂ ಐತಾ?” “ಜಿಲ್ಚ್!” ಈ ಕೊನೆಯ ಜಿಲ್ಚಿನ ಅರ್ಥ ಮಾತ್ರ ‘ಬೇಕಾದಷ್ಟು ಇದೆ’ ಎಂದು ದೊಡ್ಡಪ್ಪ ಅನುಭವದಿಂದ ಕಲಿತರು. ದನಿ ಚಿಕ್ಕದಾದರೆ ನಿಜವಾಗಿ ಏನೂ ಇಲ್ಲ. ‘ಲ್’ ಉದ್ದವಾದರೆ ಬೇಸರ. ‘ಚ್’ ಬಾಗಿಲು ಬಡಿದ ಹಾಗೆ ಬಿದ್ದರೆ ಅಂಗಡಿಗೆ ಬೇಗ ಹೊರಡುವುದೇ ಕ್ಷೇಮ.

ಅಂಗಡಿಯಲ್ಲಿ ಅದು ವ್ಯಾಪಾರದ ಅಸ್ತ್ರವಾಯಿತು. ಗಡಿಯಾಚೆಯಿಂದ ಬಂದ ತೆಲುಗು ಹೆಂಗಸರು ಸೀರೆ ಹಿಡಿದುಕೊಂಡು, “ಎಂತ ತಗ್ಗಿಸ್ತಾರಕ್ಕಾ?” ಎಂದು, ರೇಟು ಎಷ್ಟು ಇಳಿಸುತ್ತೀರೆಂದು ಕೇಳಿದರು. ದೊಡ್ಡವ್ವ ನಗುನಗುತ್ತ “ಜಿಲ್ಚ್” ಎಂದಳು. ಅವರು ಮುಖ ಮುಖ ನೋಡಿಕೊಂಡರು. “ಜಿಲ್ಚ್ ಅಂಟೇ ಏಂಟಿ?”, ಹಾಗಂದರೇನು ಎಂದು ಒಬ್ಬಳು ಪಿಸುಗುಟ್ಟಿದಳು. “ಏಮೋ! ಪೆದ್ದ ಮಾಟ ಲಾಗಾ ಉಂದಿ, ತೀಸ್ಕೋ” ಎಂದಳು ಇನ್ನೊಬ್ಬಳು. ದೊಡ್ಡ ಮಾತಿನ ಹಾಗಿದೆಯಂತೆ, ತಗೋ ಅಂತೆ! ಸೀರೆ ಕಟ್ಟಿಸಿಕೊಂಡು ಹೋದರು.

ಆಸ್ಪತ್ರೆಯ ಕಥೆ ಇನ್ನೂ ಚೆಂದ. ಮಂಡಿನೋವೆಂದು ಅವಳನ್ನು ಚಳ್ಳಕೆರೆಯಲ್ಲಿ ನಾನೇ ಒಬ್ಬ ಯುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಆತ ಬರೆದುಕೊಳ್ಳುತ್ತಲೇ ಕೇಳಿದ: “ಅಮ್ಮಾ, ಬಿಪಿ, ಶುಗರು, ಥೈರಾಯ್ಡು ಏನಾದ್ರೂ ಇದೆಯಾ?”

“ಜಿಲ್ಚ್.”

ಆತ ತಲೆಯೆತ್ತದೆ ಕೇಳಿದ: “ಅದು ಎಷ್ಟು ವರ್ಷದಿಂದ ಇದೆ?”

ಮಂಡಿನೋವು ಮರೆತು ದೊಡ್ಡವ್ವ ನಕ್ಕ ನಗೆಗೆ ಹೊರಗೆ ಕೂತಿದ್ದ ರೋಗಿಗಳೆಲ್ಲ ಒಳಗೆ ಇಣುಕಿದರು.

ಇಷ್ಟೆಲ್ಲ ದುಡಿಸಿಕೊಂಡ ಪದ ಯಾವ ಊರಿನದು ಎಂದು ತಿಳಿಯದೆ ಅವಳಿಗೆ ಸಮಾಧಾನವಿಲ್ಲ. ಮನೆಗೆ ಬಂದ ಸೊಸೆಯ ತೌರು ವಿಚಾರಿಸಬೇಡವೇ? ಕುದಾಪುರದ ಮೇಡಂಗೆ ಫೋನು ಹಚ್ಚಿದಳು. ಅವರಿಗೆ ಮಾಡಲು ಬೇರೆ ಕೆಲಸವಿತ್ತೆಂದು ನೀವು ಅಂದುಕೊಂಡರೆ ಅದು ಸರಿ. ಆದರೆ ದೊಡ್ಡವ್ವನ ಫೋನು ಎತ್ತಿದವರಿಗೆ ಬೇರೆ ಕೆಲಸ ಇರುವುದಿಲ್ಲ. ಪಾಪ, ಅವರು ನಿಘಂಟುಗಳನ್ನು ಹುಡುಕಿ ವಿವರಿಸಿದರು. ಪದ ಅಮೆರಿಕದ ಕಡೆಯದು, ಆಡುಮಾತಿನದು, ಬಹಳ ಹಳೆಯದೇನಲ್ಲ. ಕೆಲವರು ಅದನ್ನು ‘ಜೀರೊ’ದ ನೆಂಟ ಎನ್ನುತ್ತಾರೆ. ಇನ್ನು ಕೆಲವರ ಪ್ರಕಾರ ಅದು ಮೊದಲು ತಮಾಷೆಯ ಅಡ್ಡಹೆಸರು. ಲೆಕ್ಕಕ್ಕೇ ಬಾರದ ಯಾವನೋ ಒಬ್ಬನಿಗೆ ಕಾಲೇಜು ಹುಡುಗರು ಅಂಟಿಸುತ್ತಿದ್ದದ್ದು. ಬರಬರುತ್ತ ಆ ಮನುಷ್ಯ ಕರಗಿಹೋಗಿ ಬರೀ ‘ಏನೂ ಇಲ್ಲ’ ಉಳಿಯಿತಂತೆ.

“ಇದರಾಗೆ ನಿಜ ಯಾವುದ್ರಿ?” ಎಂದಳು ದೊಡ್ಡವ್ವ.

“ಖಂಡಿತ ಯಾರಿಗೂ ಗೊತ್ತಿಲ್ಲ ಅಮ್ಮ.”

“ಅಂದ್ರೆ ನಿಮ್ಮ ದೊಡ್ಡ ದೊಡ್ಡ ಪುಸ್ತಕದಾಗೆ ಇದರ ಬಗ್ಗೆ ಸಿಕ್ಕಿದ್ದು…”

“ಜಿಲ್ಚ್!” ಎಂದರು ಮೇಡಂ. ಇಬ್ಬರೂ ಫೋನಿನಲ್ಲೇ ಬಿದ್ದು ಬಿದ್ದು ನಕ್ಕರಂತೆ.

ಆದರೆ ದೊಡ್ಡವ್ವ ಅಲ್ಲಿಗೆ ಬಿಡುವವಳೇ? ತನ್ನದೇ ಸಿದ್ಧಾಂತ ಮಂಡಿಸಿದಳು. ನಮ್ಮ ಕಡೆ ಏನಾದರೂ ಕೇಳಿದರೆ, ಬಾಯಿ ತೆರೆಯುವಷ್ಟೂ ಶ್ರಮ ಪಡದೆ, ನಾಲಿಗೆ ಅಂಗುಳಕ್ಕೆ ಹಚ್ಚಿ ‘ಚ್’ ಎನ್ನುತ್ತೇವಲ್ಲ? ಇಲ್ಲ ಎಂದು ಅರ್ಥ. “ಆ ‘ಚ್’ ನಮ್ಮದು ಕಣೆ. ಮುಂದಿನ ‘ಜಿಲ್’ ಮಾತ್ರ ಅಮೆರಿಕದೋರು ಒಗ್ಗರಣೆ ಹಾಕಿದ್ದು” ಎಂದಳು. ಪಂಡಿತರು ಒಪ್ಪುತ್ತಾರೋ ಬಿಡುತ್ತಾರೋ, ನಾನಂತೂ ಒಪ್ಪಿಬಿಟ್ಟಿದ್ದೇನೆ. ನಿಘಂಟಿನವರಿಗೇ ಗೊತ್ತಿಲ್ಲದ ಮೇಲೆ ದೊಡ್ಡವ್ವ ಹೇಳಿದ್ದು ಯಾಕಾಗಬಾರದು?

ಈಗ ನನ್ನ ಮದುವೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಜಿಲ್ಚಿಗೂ ಏನು ಸಂಬಂಧ ಎಂದಿರಾ? ಆ ಪದ ಇಲ್ಲದಿದ್ದರೆ ನನ್ನ ಮದುವೆಯೇ ಇಲ್ಲ!

ಅದಕ್ಕೂ ಮೊದಲು ಬಂದ ಎರಡು ಸಂಬಂಧಗಳು ಒಂದೇ ಪ್ರಶ್ನೆಗೆ ಮುರಿದುಬಿದ್ದಿದ್ದವು. ಈಗ ಯಾರೂ ವರದಕ್ಷಿಣೆ ಎನ್ನುವುದಿಲ್ಲ, ಅದು ತಪ್ಪೆಂದು ಎಲ್ಲರಿಗೂ ಗೊತ್ತು. “ಹುಡುಗನಿಗೆ ಓಡಾಡೋಕೆ ಏನಾದ್ರೂ…” ಎಂದು ರಾಗ ಎಳೆದು, ತಾರಸಿ ನೋಡುತ್ತ ಕೂರುತ್ತಾರೆ. ಮೂರನೆಯ ಸಂಬಂಧ ಹತ್ತಿರದ ತಳಕು ಎಂಬ ಊರಿನಿಂದ ಬಂತು. ಹುಡುಗ ಚಳ್ಳಕೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ತಂದೆಯವರದು ಬೀಜ ಗೊಬ್ಬರದ ಅಂಗಡಿ. ಹುಡುಗ ನನ್ನನ್ನು ನೋಡಲು ಬಂದಾಗ ಮಹಡಿಯ ಮೇಲೆ ಅರ್ಧ ಗಂಟೆ ಮಾತಾಡಿದ್ದೆವು. ನಗಬೇಕಾದ ಕಡೆ ನಗುವ, ನಗಬಾರದ ಕಡೆ ಸುಮ್ಮನಿರುವ ಗಂಡಸರು ಎಷ್ಟು ಜನ ಸಿಗುತ್ತಾರೆ? ನನಗೆ ಮನಸ್ಸಾಗಿಬಿಟ್ಟಿತ್ತು. ಅದನ್ನು ಅರಿತ ಅಪ್ಪ, ಈ ಸಲ ಬಿಟ್ಟುಕೊಡಬಾರದೆಂದು, ಅವ್ವನ ಹೆಸರಿನಲ್ಲಿದ್ದ ಸೈಟು ಮಾರಲು ಒಳಗೊಳಗೇ ಗಿರಾಕಿ ಹುಡುಕತೊಡಗಿದ್ದರು.

ಮಾತುಕತೆಯ ದಿನ ಚಳ್ಳಕೆರೆಯ ನಮ್ಮ ಮನೆಗೆ ದೊಡ್ಡವ್ವನೂ ಬಂದಿದ್ದಳು. ಸೈಟಿನ ಸುದ್ದಿ ಅಡುಗೆಮನೆಯಲ್ಲಿ ಅವ್ವನ ಬಾಯಿಂದ ಕೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಗೆ ಹೋಗಿ, ಗಂಡಸರ ಸಾಲಿನಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ಉಪ್ಪಿಟ್ಟು ಮುಗಿಯಿತು, ಕಾಫಿ ಮುಗಿಯಿತು. ಹುಡುಗನ ತಂದೆ ತಾರಸಿ ನೋಡಿದರು.

“ಹುಡುಗನಿಗೆ ಓಡಾಡೋಕೆ ಏನಾದ್ರೂ…”

ಅಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಗಂಭೀರವಾಗಿ ಹೇಳಿದಳು: “ಜಿಲ್ಚ್ ಕೊಡ್ತೀವ್ರಿ.”

ಬಾಗಿಲ ಸಂದಿಯಲ್ಲಿದ್ದ ನಾನು, ಮುಗಿಯಿತು, ಇದೂ ಹೋಯಿತು ಎಂದುಕೊಂಡೆ. ಆದರೆ ನನ್ನ ಭಾವೀ ಮಾವನವರ ಒಂದು ಗುಣ ನನಗೆ ಆಗ ತಿಳಿದಿರಲಿಲ್ಲ. ತಮಗೆ ಗೊತ್ತಿಲ್ಲ ಎಂದು ಅವರು ಜನ್ಮದಲ್ಲಿ ಒಪ್ಪಿಕೊಂಡವರಲ್ಲ! ಗಲ್ಲ ಸವರಿಕೊಂಡು ಒಂದು ಕ್ಷಣ ಯೋಚಿಸಿದರು. ಆಮೇಲೆ ಕೇಳಿದರು:

“ಯಾವ ಕಲರ್ರು?”

“ನಿಮಗೆ ಯಾವುದು ಬೇಕೋ ಅದು. ಎಲ್ಲಾ ಕಲರ್‌ನಾಗೂ ಐತೆ.”

“ಬಿಳೀದೇ ಆಗ್ಲಿ. ಧೂಳು ಕಾಣಲ್ಲ.”

“ಬಿಳೀದೇ ಕೊಡ್ತೀವಿ. ಧೂಳಿನ ಮಾತೇ ಬ್ಯಾಡ, ಅದರ ಮೇಲೆ ಧೂಳು ಕೂರಂಗೇ ಇಲ್ಲ.”

“ಮೈಲೇಜು?”

“ಪೆಟ್ರೋಲ್ ಹಾಕೋ ಹಂಗೇ ಇಲ್ರಿ!”

“ಓ, ಕರೆಂಟಿನದು” ಎಂದು ಮಾವ ತಲೆದೂಗಿದರು. ಎಲೆ ಅಡಿಕೆ ಬದಲಾಯಿತು. ತಂದೆಯ ಪಕ್ಕದಲ್ಲಿ ಕೂತಿದ್ದ ಹುಡುಗ ಮಾತ್ರ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ. ಆ ಕೆಮ್ಮು ಕೆಮ್ಮಲ್ಲವೆಂದು ನನಗೆ ಅಲ್ಲಿಂದಲೇ ಗೊತ್ತಾಯಿತು. ಆತನಿಗೆ ಆ ಪದ ಗೊತ್ತಿತ್ತು!

ಅವರು ಹೋದ ಮೇಲೆ ಅಪ್ಪ ಕುರ್ಚಿಯಲ್ಲಿ ಕುಸಿದರು. “ಅಕ್ಕಾ, ಇದೇನು ಮಾಡಿಬಿಟ್ರಿ?” ನಾನೂ ಅಳುವ ಹಾಗಾಗಿದ್ದೆ. “ದೊಡ್ಡವ್ವ, ಬೇಕಂತಲೇ ಮಾಡಿದ್ಯಾ?”

“ನಾನು ನಿಜಾನೇ ಹೇಳ್ದೆ ಕಣವ್ವ. ಅವ್ರು ಅರ್ಥ ಕೇಳಿದ್ರೆ ಅರ್ಥಾನೂ ಹೇಳ್ತಿದ್ದೆ. ಅವ್ರು ಕಲರ್ ಕೇಳಿದ್ರು!”

ಮಾವನವರು ತಳಕಿನ ಬಸ್ ಸ್ಟ್ಯಾಂಡಿನಿಂದ ಹಿಡಿದು ಹೋಟೆಲಿನವರೆಗೆ ಬೀಗರು ಬಿಳಿ ಜಿಲ್ಚ್ ಕೊಡುತ್ತಿದ್ದಾರೆ ಎಂದು ಹೇಳಿಕೊಂಡು ಬಂದರು. ಕೇಳಿದವರಲ್ಲಿ ಒಬ್ಬರಾದರೂ ಅದೇನೆಂದು ಕೇಳಲಿಲ್ಲವಂತೆ. “ಒಳ್ಳೇ ಗಾಡಿ ಬಿಡ್ರಿ” ಎಂದವರೇ ಎಲ್ಲರೂ! ಸಾಲದ್ದಕ್ಕೆ ಮಾವನವರು ಚಿತ್ರದುರ್ಗಕ್ಕೆ ಹೋದಾಗ ಒಂದು ಶೋರೂಮಿಗೂ ನುಗ್ಗಿ ಜಿಲ್ಚ್ ತೋರಿಸಲು ಹೇಳಿದರು. ಅಲ್ಲಿದ್ದ ಟೈ ಕಟ್ಟಿದ ಯುವಕನೂ ಅವರದೇ ಗುಣದವನಿರಬೇಕು. “ಅದು ನಮ್ಮಲ್ಲಿ ಬರಲ್ಲ ಸಾರ್. ಬುಕಿಂಗ್ ಎಲ್ಲಾ ಬೆಂಗಳೂರಲ್ಲೇ. ಬಹಳ ಡಿಮ್ಯಾಂಡ್ ಇದೆ” ಎಂದನಂತೆ. ಮಾವನವರ ಎದೆ ಇನ್ನಷ್ಟು ಉಬ್ಬಿತು.

ಕೊನೆಗೆ ಮಗನೇ ಸತ್ಯ ಹೇಳಬೇಕಾಯಿತು. ಮದುವೆಯ ಕಾರ್ಡು ಅಚ್ಚಾಗಿ ಬಂದ ದಿನ ತಮ್ಮ ಅಪ್ಪನನ್ನು ಕೂರಿಸಿ, ಪದದ ಅರ್ಥ ಬಿಡಿಸಿ ಹೇಳಿದರು. ಮಾವ ಕೂತಲ್ಲಿಂದ ಎದ್ದವರು ಮಗನನ್ನೂ ಎಳೆದುಕೊಂಡು ನೇರವಾಗಿ ಮೊಳಕಾಲ್ಮೂರಿನ ಅಂಗಡಿಗೆ ಹೋದರು. ಮುಂದಿನದನ್ನು ನನಗೆ ದೊಡ್ಡಪ್ಪ ಹೇಳಿದ್ದು. ಅಷ್ಟು ಉದ್ದದ ಮಾತನ್ನು ಅವರು ಅದಕ್ಕೂ ಮೊದಲು ಆಡಿರಲಿಲ್ಲ, ಆಮೇಲೂ ಆಡಿಲ್ಲ.

“ಏನ್ರಿ ಇದು, ನಮಗೆ ಮೋಸ ಮಾಡ್ತೀರಾ?” ಎಂದು ಮಾವ ಮೆಟ್ಟಿಲಲ್ಲೇ ಗುಡುಗಿದರು.

ದೊಡ್ಡವ್ವ ಎದ್ದು ನಿಂತು ಕೈಮುಗಿದಳು. “ಮೋಸ ಯಾಕ್ರಿ? ಏನು ಕೊಡ್ತೀನಿ ಅಂದಿದ್ನೋ ಅದನ್ನ ಕೊಟ್ಟೇ ಕೊಡ್ತೀನಿ. ಗುಲಗಂಜಿಯಷ್ಟೂ ಕಮ್ಮಿ ಮಾಡಲ್ಲ.”

“ಜನಕ್ಕೆ ನಾನು ಏನಂತ ಹೇಳ್ಲಿ?”

ಆಗ ದೊಡ್ಡವ್ವನ ದನಿ ಬದಲಾಯಿತಂತೆ. “ಬೀಗ್ರೇ, ನಮ್ಮ ಹುಡುಗಿ ಕೈಯಾಗೆ ಏನೂ ಹಿಡಕೊಂಡು ಬರಲ್ಲ. ಅವಳೇ ಬರ್ತಾಳೆ. ಅವಳನ್ನ ನೋಡಿ, ಇವಳ ಜೊತೆ ಏನೂ ಬರಲಿಲ್ಲ ಅಂತ ನಿಮಗೆ ಅನ್ನಿಸಿದ್ರೆ, ಈಗ್ಲೇ ಹೇಳಿಬಿಡ್ರಿ. ಕಾರ್ಡು ನಾನೇ ಒಲೆಗೆ ಹಾಕ್ತೀನಿ. ಸೈಟು ಮಾರಿಸಿ ಮದುವೆ ಮಾಡಿಸೋಕೆ ಮಾತ್ರ ನಾನು ಬಿಡಲ್ಲ.”

ಸೈಟಿನ ವಿಷಯ ಮಾವನವರಿಗೆ ಗೊತ್ತೇ ಇರಲಿಲ್ಲ. ಆಗ ಪಕ್ಕದಲ್ಲಿದ್ದ ಮಗ ಮೆಲ್ಲಗೆ ಅಂದರಂತೆ: “ಅಪ್ಪಾ, ಕಲರ್ ಆರಿಸಿದ್ದು ನೀನೇ. ಈಗ ಬ್ಯಾಡ ಅಂದ್ರೆ ತಳಕಿನಾಗೆ ಅರ್ಥ ಕೇಳ್ತಾರೆ. ಹೇಳ್ಬೇಕಾಗ್ತೈತೆ.”

ಮಾವ ಕುರ್ಚಿ ಎಳೆದುಕೊಂಡು ಕೂತರು. ದೊಡ್ಡಪ್ಪ ನೀರು ಕೊಟ್ಟರು. ನೀರು ಕುಡಿಯುವಾಗಲೇ ಅವರಿಗೆ ನಗು ಬಂದು, ನೀರು ನೆತ್ತಿಗೇರಿ, ದೊಡ್ಡವ್ವನೇ ತಲೆ ತಟ್ಟಬೇಕಾಯಿತಂತೆ. ಮದುವೆ ಆಯಿತು. ಸೈಟು ಇವತ್ತಿಗೂ ಅವ್ವನ ಹೆಸರಿನಲ್ಲೇ ಇದೆ. ಮಾವನವರು ಈಗ ಯಾರ ಮನೆಯ ಮಾತುಕತೆಗೆ ಹೋದರೂ, “ನಾನು ನನ್ನ ಮಗನಿಗೆ ಜಿಲ್ಚ್ ತಗೊಂಡೇ ಮದುವೆ ಮಾಡಿದ್ದು. ನೀವೂ ಅಷ್ಟೇ ಕೇಳ್ರಿ, ಅದಕ್ಕಿಂತ ಜಾಸ್ತಿ ಕೇಳ್ಬ್ಯಾಡ್ರಿ” ಎಂದು ಉಪದೇಶ ಮಾಡುತ್ತಾರೆ.

ನಾನು ತಳಕಿಗೆ ಬಂದು ನೆಲೆಯೂರಿದೆ. ಮದುವೆಯ ಮರುವರ್ಷ ನನಗೆ ಮುಟ್ಟು ನಿಂತಿತು. ಮನೆಯಲ್ಲಿ ಸಂಭ್ರಮ. ಆಮೇಲೆ ಒಂದು ಬೆಳಿಗ್ಗೆ ಹೊಟ್ಟೆನೋವು ಬಂತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೋಡಲು ಬಂದವರೆಲ್ಲ ಒಳ್ಳೆಯವರು. “ಏನೂ ಆಗಿಲ್ಲ ಬಿಡವ್ವ, ಇನ್ನೂ ವಯಸ್ಸೈತೆ” ಎಂದು ಬೆನ್ನು ಸವರಿದರು. ನನಗೂ ಅಳು ಬರಲಿಲ್ಲ. ಬಂದವರಿಗೆ ಟೀ ಮಾಡಿಕೊಟ್ಟೆ, ಬಟ್ಟೆ ಮಡಚಿದೆ, ಟಿವಿ ನೋಡಿದೆ. ನನ್ನವರು ಏನು ಹೇಳಬೇಕೋ ತಿಳಿಯದೆ ನನ್ನ ಹಿಂದೆ ಮುಂದೆ ಸುತ್ತುತ್ತಿದ್ದರು.

ಒಂದು ಸಂಜೆ ದೊಡ್ಡವ್ವ ಬಸ್ಸಿಳಿದು ಬಂದಳು. ಬಂದವಳು ಹೆಚ್ಚು ಮಾತಾಡಲಿಲ್ಲ. ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ, ನನ್ನನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ, ಹಿಂದೆ ತಾನು ಕೂತು, ತಲೆಗೆ ತಟ್ಟತೊಡಗಿದಳು. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ಅವಳನ್ನು ನಗಿಸೋಣವೆಂದು ನಾನೇ ಹೇಳಿದೆ: “ಏನು ದೊಡ್ಡವ್ವ, ಇಷ್ಟೆಲ್ಲ ವಾಂತಿ ಮಾಡಿಕೊಂಡು ಕೊನೆಗೆ ನನಗೆ ಸಿಕ್ಕಿದ್ದು ಜಿಲ್ಚ್.”

ಅವಳ ಕೈ ನನ್ನ ನೆತ್ತಿಯ ಮೇಲೆ ನಿಂತಿತು.

“ಆ ಮಾತು ಇದಕ್ಕೆ ಅನ್ನಬ್ಯಾಡ.”

ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಅದು ಏನೂ ಇಲ್ದಿದ್ದಕ್ಕೆ ಅನ್ನೋದು ಕಣವ್ವ. ಇದು ಇತ್ತು. ನಿನ್ನ ಹೊಟ್ಟ್ಯಾಗೆ ಇತ್ತು, ಇಡೀ ಮನೆ ಅದಕ್ಕೆ ಕಾಯ್ತಿತ್ತು. ಇದ್ದು ಹೋಗಿದ್ದನ್ನ ಯಾಕೆ ಇಲ್ಲ ಅಂತೀಯ?”

ಅವಳು ಮತ್ತೆ ಎಣ್ಣೆ ತಟ್ಟುತ್ತ ಕೇಳಿದಳು: “ಮನಸ್ನಾಗೆ ಏನಂತ ಕರೀತಿದ್ದೆ ಅದನ್ನ?”

ನನ್ನವರಿಗೂ ನಾನು ಅದನ್ನು ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಹೆಸರಿಡುವಷ್ಟು ದೊಡ್ಡದಾಗಿರಲಿಲ್ಲವಲ್ಲ ಎಂದು ನನಗೆ ನಾನೇ ನಾಚಿಕೊಂಡಿದ್ದೆ.

“ಚುಕ್ಕಿ” ಎಂದೆ.

“ಚುಕ್ಕಿ” ಎಂದಳು ದೊಡ್ಡವ್ವ. ಆಮೇಲೆ ತಲೆಯೆತ್ತಿ, ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ, ಸಂಕೋಚವೇ ಇಲ್ಲದೆ ಗಟ್ಟಿಯಾಗಿ ಕರೆದಳು: “ಚುಕ್ಕೀ… ಬಾರವ್ವಾ, ಚುಕ್ಕೀ…”

ಅಷ್ಟು ದಿನ ಬಾರದಿದ್ದ ಅಳು ಆಗ ಬಂತು. ದೊಡ್ಡವ್ವ ಅಳಬೇಡ ಎನ್ನಲಿಲ್ಲ. ಎಣ್ಣೆಯ ಕೈಗಳಿಂದಲೇ ನನ್ನನ್ನು ತನ್ನ ಮಡಿಲಿಗೆ ಒರಗಿಸಿಕೊಂಡು, ಹಿತ್ತಿಲಲ್ಲಿ ಬೆಳಕು ಆರುವವರೆಗೆ ಹಾಗೆಯೇ ಕೂತಿದ್ದಳು.